ನೂಕಾಲಮ್ಮ ಮೈಕು ಹಿಡಿದ ಸಂಜೆ

ಪರವಾಡದಿಂದ ಸಮುದ್ರದ ಕಡೆಗೆ ಹೋಗುವ ಮಣ್ಣುರಸ್ತೆಯ ಕೊನೆಯ ಹಳ್ಳಿಯ ಕಣದಲ್ಲಿ ನಾನು ನಿಂತಿದ್ದೆ. ಪ್ರೊಜೆಕ್ಟರ್ ಇಟ್ಟಿದ್ದ ಮರದ ಮೇಜಿನ ಎಡಕ್ಕೆ, ಬಲಗೈಗೆ ಆಂಪ್ಲಿಫೈಯರಿನ ಗುಂಡಿಗಳು ಎಟುಕುವಂತೆ ನಿಂತಿದ್ದೆ. ಎಂಬತ್ತೇಳನೆಯ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಮೊದಲ ಶನಿವಾರ, ಆಗತಾನೆ ಕತ್ತಲಾಗಿತ್ತು. ನನ್ನ ಹಿಂದೆ ಜೀಪು, ಅದರ ಹಿಂದೆ ಜನರೇಟರು. ಮುಂದೆ ಎರಡು ಬಿದಿರ ಗಳಗಳ ನಡುವೆ ಬಿಗಿದ ಬಿಳಿ ಪರದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಸಂಜೆಯ ಕಥೆಯನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ನಿಂತ ಜಾಗದಿಂದ ಕಂಡದ್ದನ್ನು, ಕೇಳಿದ್ದನ್ನು ಬರೆಯುತ್ತೇನೆ. ಪರದೆಯ ಆಚೆ ನಡೆದದ್ದು ನನಗೆ ಕಾಣಲಿಲ್ಲ. ಅದನ್ನು ಆಮೇಲೆ ಕೇಳಿ ತಿಳಿದೆ. ಅದು ಬಂದಲ್ಲಿ ಹಾಗೆಂದೇ ಹೇಳುತ್ತೇನೆ.

ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯ ಸಿನಿಮಾ ಘಟಕದಲ್ಲಿ ನಾನು ಆಪರೇಟರ್ ಆಗಿದ್ದೆ. ಘಟಕ ಎಂದರೆ ಒಂದು ಜೀಪು, ಒಂದು ಹದಿನಾರು ಎಂ.ಎಂ. ಪ್ರೊಜೆಕ್ಟರು, ಡ್ರೈವರ್ ಸತ್ಯಂ ಮತ್ತು ತಿಪಟೂರು ಕಡೆಯಿಂದ ಬಂದ ನಾನು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಸುರಕ್ಷತೆ, ಆರೋಗ್ಯ, ಗೊಬ್ಬರದ ಮೇಲಿನ ಸಣ್ಣ ಚಿತ್ರಗಳನ್ನು ತೋರಿಸುವುದು, ಜನ ಎದ್ದು ಹೋಗದಂತೆ ಕೊನೆಯಲ್ಲಿ ಒಂದು ದೊಡ್ಡ ಚಿತ್ರ ಹಾಕುವುದು ನಮ್ಮ ಕೆಲಸ. ಪ್ರಮೋಷನ್ನುಗಳ ವಿಷಯ ಬರೆಯುವುದಿಲ್ಲ. ಅವು ಆದವು, ಮನೆಯಲ್ಲಿ ಸಂತೋಷಪಟ್ಟರು. ಈಗ ಇದೇ ಥರದ ಕೆಲಸಕ್ಕೆ ಸೇರುವ ಹುಡುಗರ, ಹುಡುಗಿಯರ ಕೈಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ಚಿತ್ರ ನಿಲ್ಲಿಸಬೇಕೆಂದರೆ ಬೆರಳಿಟ್ಟರೆ ಸಾಕು. ನಮ್ಮ ಕಾಲದಲ್ಲಿ ನಿಲ್ಲಿಸಿದರೆ ದೀಪದ ಬಿಸಿಗೆ ಫಿಲಂ ಸುಟ್ಟು, ನಾಯಕಿಯ ಮುಖದ ನಡುವೆ ಕಂದು ತೂತು ಬೀಳುತ್ತಿತ್ತು. ಆದ್ದರಿಂದ ಏನೇ ಆಗಲಿ ಓಡಿಸುತ್ತಿರಬೇಕು. ಈ ನಿಯಮ ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಕೆಲಸ ಕಲಿತದ್ದು ವಿಜಯವಾಡದಲ್ಲಿ. ಸೇರಿದ ಹೊಸದರಲ್ಲಿ ಕಾರ್ಖಾನೆಯವರು ನನ್ನನ್ನು ಅಲ್ಲಿಯ ಒಂದು ಸಿನಿಮಾ ಹಂಚಿಕೆ ಕಚೇರಿಗೆ ತರಬೇತಿಗೆ ಕಳಿಸಿದರು. ಬಿಸಿಲಿಗೆ ಕಾದ ತಗಡಿನ ಕೋಣೆ, ಫಿಲಂ ಅಂಟಿಸುವ ದ್ರಾವಣದ ವಾಸನೆ, ಎದುರಿಗೆ ಹಿರಿಯ ಚೆಕ್ಕರ್ ವೆಂಕಟೇಶ್ವರ್ಲುಗಾರು. ಫಿಲಂ ಅನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತ ಅಂಚಿಗೆ ಬೆರಳಿಟ್ಟರೆ ಹರಿದ ಜಾಗ ಬೆರಳಿಗೇ ಸಿಗುತ್ತದೆ. ಹಾಗೆ ಬೆರಳಿಟ್ಟುಕೊಂಡೇ ಅವರು ವರ್ಷಗಟ್ಟಲೆ ಸಿನಿಮಾ ದಾಟಿಸಿದ್ದರು. "ಕಥೆ ನೋಡಬೇಡ ಅಬ್ಬಾಯಿ, ಅಂಚು ನೋಡು" ಎನ್ನುತ್ತಿದ್ದರು. ನಾನು ಕಥೆ ನೋಡಿದೆ. ಪರಿಣಾಮವಾಗಿ ಮೊದಲ ತಿಂಗಳಲ್ಲೇ ಒಂದು ಚಿತ್ರದ ಎರಡನೆಯ ಮತ್ತು ಮೂರನೆಯ ರೀಲು ಅದಲುಬದಲಾಗಿ ಡಬ್ಬಿ ಸೇರಿ, ಗುಡಿವಾಡ ಕಡೆಯ ಒಂದು ಟೆಂಟಿನಲ್ಲಿ ಅಪ್ಪ ಸತ್ತ ಮೇಲೆ ಮಗಳ ಮದುವೆಗೆ ಬಂದು ಅಕ್ಷತೆ ಹಾಕಿದ. ಯಾರೂ ದೂರು ಕೊಡಲಿಲ್ಲ. ಅಪ್ಪ ವಾಪಸು ಬಂದದ್ದೇ ಆ ಚಿತ್ರದಲ್ಲಿ ಚೆನ್ನಾಗಿತ್ತು ಎಂದು ಟೆಂಟಿನವನು ಹೇಳಿ ಕಳಿಸಿದ.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಮೈಕು ಹಿಡಿಯುವುದನ್ನು ಕಲಿತೆ. ನಮಗೆ ಬರುತ್ತಿದ್ದ ಚಿತ್ರಗಳಲ್ಲಿ ಹೆಚ್ಚಿನವು ಹಿಂದಿಯವು, ನೋಡುವವರು ತೆಲುಗರು. ಹಾಗಾಗಿ ಆಪರೇಟರನೇ ಸಿನಿಮಾದ ದನಿಯನ್ನು ತಗ್ಗಿಸಿ, ಮೈಕಿನಲ್ಲಿ ನಡೆಯುತ್ತಿರುವುದನ್ನು ತೆಲುಗಿನಲ್ಲಿ ಹೇಳುತ್ತ ಹೋಗಬೇಕು. ಆಂಪ್ಲಿಫೈಯರಿಗೆ ಎರಡು ಗುಂಡಿ, ಒಂದು ಸಿನಿಮಾದ್ದು, ಒಂದು ಮೈಕಿನದು. ನನ್ನ ಮೊದಲ ಪ್ರಯತ್ನ ಒಂದು ಕೊಲೆಯ ಚಿತ್ರ. ಉತ್ಸಾಹದಲ್ಲಿ ಮೊದಲ ರೀಲಿನಲ್ಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟೆ. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ಪಂಚೆ ಕೊಡವಿಕೊಂಡು, "ತಿಳೀತಲ್ಲ, ಇನ್ನೇನು" ಎಂದು ಮನೆಗೆ ಹೋದರು.

ಇನ್ನೊಂದು ಊರಿನಲ್ಲಿ ಗೊಬ್ಬರದ ಚಿತ್ರವನ್ನೂ ಕುಟುಂಬ ಯೋಜನೆಯ ಚಿತ್ರವನ್ನೂ ಒಂದರ ಹಿಂದೆ ಒಂದು ಹಾಕಿದೆ. ಈ ಸಣ್ಣ ಚಿತ್ರಗಳಲ್ಲಿ ದೇಶಕ್ಕೆಲ್ಲ ಒಬ್ಬನೇ ರೈತ ಇರುತ್ತಿದ್ದ. ಬಿಳಿ ಧೋತಿ, ಹಳದಿ ಪೇಟ, ಮಣ್ಣು ತಾಗದ ಪಾದ. ಗೊಬ್ಬರದ ಚಿತ್ರದಲ್ಲಿ ಅವನಿಗೆ ಎರಡು ಮಕ್ಕಳು, ನಗುಮುಖ. ಮುಂದಿನ ಚಿತ್ರದಲ್ಲಿ ಅದೇ ಮನುಷ್ಯ, ಅದೇ ಪೇಟ, ಆರು ಮಕ್ಕಳು, ತಲೆಯ ಮೇಲೆ ಕೈ. "ಏಟಿ ಬಾಬೂ, ಇದೇನು, ರೀಲು ಬದಲಾಯಿಸುವಷ್ಟರಲ್ಲಿ ನಾಲ್ಕಾ?" ಎಂದು ಹೆಂಗಸೊಬ್ಬಳು ಕೂಗಿದಳು. "ಇವನದು ಯಾವ ಊರು?" ಎಂದು ಇನ್ನೊಬ್ಬಳು ಕೇಳಿದಳು. ಅವನಿಗೆ ಊರೇ ಇರಲಿಲ್ಲ.

ಆ ಹಳ್ಳಿಗಳ ಒಂದು ಕ್ರಮವನ್ನು ಇಲ್ಲಿಯೇ ಹೇಳಬೇಕು. ಪರದೆಯ ಈಚೆ, ಪ್ರೊಜೆಕ್ಟರಿನ ಕಡೆಗೆ ಊರಿನವರು ಕೂರುತ್ತಿದ್ದರು. ಆಚೆ ಕಡೆ ಕೇರಿಯವರು, ಅಂದರೆ ಊರಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ದಲಿತರು. ಬಟ್ಟೆ ತೆಳುವಾದ್ದರಿಂದ ಆಚೆಗೂ ಚಿತ್ರ ಕಾಣುತ್ತದೆ, ಎಡಬಲ ಮಾತ್ರ ತಿರುವುಮುರುವು. ಅವರು ಕಂಡ ನಾಯಕರೆಲ್ಲ ಎಡಗೈಯಲ್ಲಿ ತಾಳಿ ಕಟ್ಟಿದವರು. ಇದನ್ನು ಮೊದಲ ಸಲ ನೋಡಿದಾಗ ಸತ್ಯಂನನ್ನು ಕೇಳಿದೆ.

"ಅವರು ಯಾಕಯ್ಯಾ ಆ ಕಡೆ?"

"ಅಲ್ಲಿ ಗಾಳಿ ಚೆನ್ನಾಗಿ ಬರುತ್ತಂತೆ ಸಾರ್."

"ಯಾರು ಹೇಳಿದರು?"

"ಈ ಕಡೆ ಕೂತವರು."

ನಾನು ಮತ್ತೆ ಕೇಳಲಿಲ್ಲ. ಕಾರ್ಖಾನೆಯ ಜೀಪು ಸಿನಿಮಾ ತೋರಿಸಲು ಬಂದದ್ದು, ಕೂರಿಸಲು ಅಲ್ಲ ಎಂದು ನನ್ನ ಮೇಲಿನವರೂ ಹೇಳಿದರು.

ಆ ಮೇಲಿನವರು ಕುಲಕರ್ಣಿಯವರು, ಧಾರವಾಡದವರು, ಕಾರ್ಖಾನೆಯ ಕಾರ್ಮಿಕ ಕಲ್ಯಾಣಾಧಿಕಾರಿ. ಟೌನ್‌ಶಿಪ್ಪಿನ ಫಿಲಂ ಸೊಸೈಟಿಗೂ ಅವರೇ ಕಾರ್ಯದರ್ಶಿ. ಒಂದು ದಿನ ನನ್ನನ್ನು ಕರೆದು ಬಲು ಹಿಗ್ಗಿನಿಂದ ಹೇಳಿದರು:

"ಮೂರ್ತಿ, ಬೊಂಬಾಯಿಂದ ಡೈರೆಕ್ಟರ್ ಬರಾಕತ್ತಾರ. ಹನ್ನೆರಡ ವರ್ಷದ ಹಿಂದ ಇಲ್ಲೇ ಸಮುದ್ರದ ದಂಡಿ ಹಳ್ಳ್ಯಾಗ ಪಿಚ್ಚರ್ ತಗದಿದ್ರಲ್ಲ, ಅವ್ರು. ಆ ಪಿಚ್ಚರ್ ಅದ ಹಳ್ಳ್ಯಾಗ, ಆ ಮಂದಿಗೇ ತೋರಿಸಬೇಕಂತ. ಪ್ರಿಂಟ್ ವಿಜಯವಾಡಕ್ಕ ಬಂದದ. ನೀವ ಹೋಗಿ ಚೆಕ್ ಮಾಡಿ ತರ್ರಿ."

ಹೋದೆ. ವೆಂಕಟೇಶ್ವರ್ಲುಗಾರೂ ನಾನೂ ಗೋಡೆಯ ಮೇಲೆ ಹಾಕಿಕೊಂಡು ನೋಡಿದೆವು. ಎಪ್ಪತ್ತರ ದಶಕದ ನಡುವಿನ ಚಿತ್ರ. ಆಗ ದೊಡ್ಡ ಊರಿನ ಶ್ರೀಮಂತರ ಮಕ್ಕಳು ಕೂದಲು ಬಿಟ್ಟು, ಮಣಿಸರ ಹಾಕಿ, ಅಪ್ಪಂದಿರನ್ನು ಬೈಯುತ್ತ ಹಳ್ಳಿ ಹುಡುಕಿಕೊಂಡು ಹೊರಟಿದ್ದ ಕಾಲ. ಇದನ್ನು ಮಾಡಿದವರೂ ಅಂಥ ಹುಡುಗರೇ. ಋಷಿಕೊಂಡದ ಮರಳಿನಲ್ಲಿ ಡೇರೆ ಹಾಕಿಕೊಂಡು, ಗಿಟಾರು ಬಾರಿಸಿಕೊಂಡು, ದಿನಾ ಜೀಪಿನಲ್ಲಿ ಈ ಹಳ್ಳಿಗೆ ಬಂದು ಚಿತ್ರ ತೆಗೆದರಂತೆ.

ಕಥೆ ಇಷ್ಟು. ಬೊಂಬಾಯಿಯ ಗಿರಣಿ ಮಾಲೀಕನ ಮಗ ಕೈಗಡಿಯಾರವನ್ನು ಸಮುದ್ರಕ್ಕೆ ಎಸೆದು ಹಳ್ಳಿಗೆ ಬರುತ್ತಾನೆ. ನೀವು ಬಡವರು ಎಂದು ಹಳ್ಳಿಯವರಿಗೆ ತಿಳಿಸುತ್ತಾನೆ. ಅವರಿಗೆ ಆಶ್ಚರ್ಯವಾದಂತೆ ಕಾಣುವುದಿಲ್ಲ. ಎಲ್ಲರೂ ಸುಮ್ಮನೆ ದೂರ ನೋಡುತ್ತಾರೆ. ಮಾತು ಬಂದಾಗ ಗಂಗಾ ತೀರದ ಹಿಂದಿಯಲ್ಲಿ ಆಡುತ್ತಾರೆ. ನಾಟಿ ಹಾಕುವ ಕೂಲಿ ಹೆಣ್ಣಾಗಿ ಬೊಂಬಾಯಿಯ ಒಂದು ಕಾಲೇಜು ಹುಡುಗಿ. ಬಿಳಿ ಹುಡುಗಿಗೆ ಕಂದು ಬಣ್ಣ ಬಳಿದಿದ್ದರು. ಒಂದು ಕಡೆ ಮೊಣಕೈಗೆ ಬಳಿಯಲು ಮರೆತಿದ್ದರು. ಜಮೀನ್ದಾರ ಅವಳ ಮೇಲೆ ಕಣ್ಣು ಹಾಕುತ್ತಾನೆ. ಮಗುವಿನ ಹಸಿವು ನೋಡಲಾರದೆ ಒಂದು ರಾತ್ರಿ ಅವಳೇ ದೊಡ್ಡಮನೆಗೆ ಹೋಗುತ್ತಾಳೆ. ಬೆಳಗಾಗುತ್ತಲೇ ಸಮುದ್ರದೊಳಕ್ಕೆ ನಡೆದು ಹೋಗುತ್ತಾಳೆ. ನಾಯಕ ಗಿಟಾರು ಮುರಿಯುತ್ತಾನೆ. ಕೊನೆಗೆ ಹೆಸರುಗಳು ಬರುತ್ತವೆ. ಚಹಾ ಕೊಟ್ಟವನವರೆಗೂ ಹೆಸರಿದೆ. ಆಮೇಲೆ "ಮತ್ತು ಗ್ರಾಮಸ್ಥರು" ಎಂದಿದೆ.

ವೆಂಕಟೇಶ್ವರ್ಲುಗಾರು ಜೀವನದಲ್ಲಿ ಅಪರೂಪಕ್ಕೆ ಅಂಚು ಬಿಟ್ಟು ಕಥೆ ನೋಡಿದ್ದರು. "ಈ ಊರಿನಲ್ಲಿ ಬಾಯಿ ಇರುವವನು ಒಬ್ಬನೇ, ಅವನೂ ಊರಿನವನಲ್ಲ" ಎಂದು ಡಬ್ಬಿ ಮುಚ್ಚಿದರು.

ಶನಿವಾರ ಮಧ್ಯಾಹ್ನವೇ ನಾವು ಹಳ್ಳಿ ತಲುಪಿದೆವು. ಸತ್ಯಂ ಗಳ ನೆಡುತ್ತಿದ್ದ, ನಾನು ಪರದೆಯ ಹಗ್ಗ ಬಿಗಿಯುತ್ತಿದ್ದೆ. ಎತ್ತರದ ಹೆಂಗಸೊಬ್ಬಳು ಬಂದು ಎದುರಿಗೆ ನಿಂತಳು. ನಲವತ್ತು ದಾಟಿರಬೇಕು. ಬಾಯಿಯಲ್ಲಿ ಚುಟ್ಟ, ಅಂದರೆ ದಪ್ಪ ಸುರುಳಿಯ ಹೊಗೆಸೊಪ್ಪು. ಆ ಕಡೆಯ ಹೆಂಗಸರು ಅದರ ಉರಿಯುವ ತುದಿಯನ್ನು ಬಾಯಿಯ ಒಳಗೆ ಇಟ್ಟುಕೊಂಡು ಸೇದುತ್ತಾರೆ. ಎಷ್ಟು ವರ್ಷ ನೋಡಿದರೂ ನನ್ನ ನಾಲಿಗೆ ಚುರುಗುಟ್ಟುವುದು ನಿಂತಿಲ್ಲ.

"ಬಾಬೂ, ಈ ಸಿನಿಮಾ ನೀನು ನೋಡಿದ್ದೀಯಾ?" ಎಂದಳು. ನಾವು ಆಡಿದ್ದು ತೆಲುಗಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡಿದ್ದೀನಮ್ಮಾ."

"ಅದರಲ್ಲಿ ನಾನು ಏನು ಮಾಡ್ತೀನಿ?"

ಚಿತ್ರದಲ್ಲಿ ಆಕೆಯ ನಡಿಗೆ ನೋಡಿದ್ದರಿಂದ ನನಗೆ ಗುರುತು ಸಿಕ್ಕಿತು. "ಒಂದು ಸಲ ಬಿಂದಿಗೆ ಹೊತ್ಕೊಂಡು ಹೋಗ್ತೀರಿ. ಬೆನ್ನು ಕಾಣುತ್ತೆ."

"ನನ್ನ ವಿಷಯ ಅಲ್ಲ. ನನ್ನ ಸೀರೆ ಉಟ್ಟವಳು ಏನು ಮಾಡ್ತಾಳೆ?"

ಆಕೆಯೇ ನೂಕಾಲಮ್ಮ, ಕೇರಿಯವಳು. ಬೊಂಬಾಯಿಯ ಹುಡುಗಿ ಹಳ್ಳಿಯ ಬಾಳು ಕಲಿಯಬೇಕೆಂದು ಶೂಟಿಂಗ್ ಮುಗಿಯುವವರೆಗೆ ಇದ್ದದ್ದು ಆಕೆಯ ಗುಡಿಸಿಲಿನಲ್ಲಿ. ಉಟ್ಟದ್ದು ಆಕೆಯ ಸೀರೆ. ಸಿನಿಮಾದಲ್ಲಿ ಹಸಿದು ಅಳುವ ಮಗು ಆಕೆಯ ಮಗಳು, ಆಗ ಆರು ವರ್ಷದ ಪೈಡಿತಲ್ಲಿ. "ಒಳ್ಳೆ ಹುಡುಗಿ ಬಾಬೂ, ಚುಟ್ಟ ಕಲೀತೀನಿ ಅಂತ ಬಾಯಿ ಸುಟ್ಟುಕೊಂಡಳು" ಎಂದು ನೂಕಾಲಮ್ಮ ಹೇಳಿದಳು. ಪೈಡಿತಲ್ಲಿ ಈಗ ಮದುವೆಗೆ ಬಂದಿದ್ದಳು. ಅನಕಾಪಲ್ಲಿ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಅಷ್ಟರಲ್ಲಿ, ಬಂದರಿನಲ್ಲಿ ಕೆಲಸ ಮಾಡುವ ಯಾರೋ ಪಟ್ಟಣದಲ್ಲಿ ಹಿಂದೊಮ್ಮೆ ಆ ಸಿನಿಮಾ ನೋಡಿದ್ದವನು, ಅದು ನೂಕಾಲಮ್ಮನ ಕಥೆಯೇ, ಮನೆ ಅವಳದು, ಮಗು ಅವಳದು ಎಂದು ಹಬ್ಬಿಸಿದ. ಹುಡುಗನ ತಾಯಿ ಸನ್ಯಾಸಮ್ಮ ಹೇಳಿ ಕಳಿಸಿದ್ದಳಂತೆ: ಶನಿವಾರ ಬರುತ್ತೇವೆ, ಸಿನಿಮಾ ನೋಡಿ ಮಾತು ಕೊಡುತ್ತೇವೆ.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ಚುಟ್ಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು.

"ರಾತ್ರಿ ಹೋಗ್ತಾಳಾ?"

"ಹೌದು."

"ಒಬ್ಬಳೇ?"

"ಒಬ್ಬಳೇ."

"ಆ ದಾರಿಯಲ್ಲಿ ನಾಯಿಗಳಿವೆ" ಎಂದಳು. ಪರದೆಯ ಕಡೆ ಕೈ ತೋರಿ, "ಆ ತುಂಡು ಕತ್ತರಿಸಿಬಿಡು" ಎಂದಳು.

"ಪ್ರಿಂಟು ನಂದಲ್ಲಮ್ಮಾ. ಅದನ್ನು ಮಾಡಿದವರೇ ಬರ್ತಾರೆ ಇವತ್ತು."

"ಹಾಗಾದರೆ ಮೈಕಲ್ಲಿ ಬೇರೆ ಹೇಳು. ಹೇಳುವವನು ನೀನೇ ತಾನೆ?"

"ಇದ್ದದ್ದನ್ನೇ ಹೇಳಬೇಕು."

"ನಾನೂ ಅದನ್ನೇ ತಾನೆ ಹೇಳ್ತಿರೋದು?" ಎಂದು ಹೊರಟುಹೋದಳು.

ಸಂಜೆ ಕುಲಕರ್ಣಿಯವರು ಕಾರಿನಲ್ಲಿ ನಿರ್ದೇಶಕರನ್ನು ಕರೆತಂದರು. ಕೂದಲು, ಮಣಿಸರ ಹೋಗಿ ಈಗ ಸಫಾರಿ ಬಂದಿತ್ತು. ಬಿಸ್ಕತ್ತಿನ ಜಾಹೀರಾತು ತೆಗೆಯುತ್ತಿದ್ದರಂತೆ. ಕಾರಿಳಿದು, ಈ ಮಣ್ಣನ್ನು ಮುಟ್ಟಿ ಎಷ್ಟು ಕಾಲವಾಯಿತು ಎಂದು ಚಪ್ಪಲಿ ಬಿಟ್ಟರು. ಕೊಯ್ಲಾದ ಗದ್ದೆಯ ಕೂಳೆ ಚುಚ್ಚಿತು, ಮತ್ತೆ ಹಾಕಿಕೊಂಡರು. ಪ್ರೊಜೆಕ್ಟರಿನ ಬಲಕ್ಕೆ ಅವರಿಗೂ ಕುಲಕರ್ಣಿಯವರಿಗೂ ಕುರ್ಚಿ. ಅವರ ಪಕ್ಕದ ಕುರ್ಚಿಯಲ್ಲಿ ಊರಿನ ದೊಡ್ಡಮನೆಯ ಯಜಮಾನರು. ಹಳೆಯ ಗ್ರಾಮ ಮುನಸಬು, ನಮ್ಮ ಕಡೆಯ ಪಟೇಲರಿದ್ದ ಹಾಗೆ. ಹುದ್ದೆ ರದ್ದಾಗಿದ್ದರೂ ಜನ ಮುನಸಬುಗಾರು ಎಂದೇ ಕರೆಯುತ್ತಿದ್ದರು. ಸಿನಿಮಾದ ದೊಡ್ಡಮನೆ ಅವರದೇ ಮನೆ. ಆಗ ಸಿನಿಮಾದವರು ಅಂಗಳಕ್ಕೆ ಸುಣ್ಣ ಹೊಡೆಸಿಕೊಟ್ಟರು ಎಂಬ ಉಪಕಾರ ಬಿಟ್ಟರೆ ಚಿತ್ರದ ಬಗ್ಗೆ ಅವರಿಗೇನೂ ತಿಳಿದಿರಲಿಲ್ಲ.

ಕುಲಕರ್ಣಿಯವರು ನನ್ನ ಕಿವಿಯಲ್ಲಿ, "ಡೈರೆಕ್ಟರ್ ಬಾಜೂಕ ಕುಂತಾರ. ಪಿಚ್ಚರಿನ ಸೌಂಡ್ ಕಡಿಮಿ ಮಾಡಬ್ಯಾಡ್ರಿ. ನಡುವ ಜಾಗಾ ಸಿಕ್ಕಲ್ಲೆ ಒಂದೆರಡ ಮಾತು ಹೇಳ್ರಿ, ಸಾಕು" ಎಂದರು. ಒಪ್ಪಿದೆ. ಜನ ಎಂದಿನಂತೆ ಕೂತರು. ಊರು ಈಚೆ, ಕೇರಿ ಆಚೆ. ನಿಮ್ಮದೇ ಕಥೆ ಎಂದು ಹೇಳಿ ಯಾರನ್ನು ಕರೆಸಿದ್ದರೋ ಅವರೇ ಪರದೆಯ ಹಿಂದೆ ಇದ್ದಾರೆಂಬುದನ್ನು ನಿರ್ದೇಶಕರು ಗಮನಿಸಲಿಲ್ಲ. ನಾನು ಗಮನಿಸಿದೆ, ರೀಲು ಹಾಕಿದೆ.

ಮೊದಲ ರೀಲು ಹಬ್ಬದ ಹಾಗೆ ನಡೆಯಿತು. ನಾಯಕ ಕೆರೆ ಏರಿಯ ಮೇಲೆ ನಿಂತು ದೊಡ್ಡ ಭಾಷಣ ಮಾಡುತ್ತಾನೆ. ಅವನ ಹಿಂದೆ ಒಂದು ಬಿಳಿ ಎತ್ತು ಹಾದುಹೋಗುತ್ತದೆ. "ಅದಿಗೋ, ಮಾ ಎದ್ದು!" ಅಗೋ ನಮ್ಮ ಎತ್ತು, ಎಂದು ಒಬ್ಬ ಎದ್ದು ನಿಂತ. ಅವನ ಎತ್ತು ಸತ್ತು ಬಹಳ ಕಾಲವಾಗಿತ್ತು. ಎಲ್ಲರೂ ಆ ಎತ್ತಿನ ಗುಣಗಾನ ಶುರು ಮಾಡಿದರು. ಪರದೆಯ ಆಚೆಯಿಂದಲೂ, ಚಿತ್ರದಲ್ಲಿ ನಾಯಕನ ಹಿಂದೆ ಗುಂಪಾಗಿ ನಿಂತು ದೂರ ನೋಡುವವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಿದ್ದರು. ಭಾಷಣ ಒಬ್ಬರಿಗೂ ಕೇಳಲಿಲ್ಲ.

"ಏನು ಕೂಗುತ್ತಿದ್ದಾರೆ?" ಎಂದು ನಿರ್ದೇಶಕರು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ತೆಲುಗು ಒಂದಕ್ಷರ ಬಾರದು.

"ಭಾಷಣ ಮನಸ್ಸಿಗೆ ತಟ್ಟಿದೆ" ಎಂದರು ಕುಲಕರ್ಣಿಯವರು. ಅವರಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು.

ಮೂರನೆಯ ರೀಲಿನಲ್ಲಿ ಸದ್ದು ಇಳಿಯಿತು. ಬೊಂಬಾಯಿ ಹುಡುಗಿ ಗುಡಿಸಿಲಿನ ಬಾಗಿಲು ಎಳೆದುಕೊಂಡು ಕತ್ತಲಿಗೆ ಇಳಿದಳು. ದಾರಿ ಎಲ್ಲರಿಗೂ ಗೊತ್ತಿದ್ದ ದಾರಿ. ಅದು ಯಾವ ಮನೆಗೆ ಮುಟ್ಟುತ್ತದೆಂದೂ ಗೊತ್ತಿತ್ತು. ಈಚೆ ಕೂತವರು ಯಾರೂ ಮುನಸಬುಗಾರ ಕಡೆ ತಿರುಗಲಿಲ್ಲ. ಅಷ್ಟೂ ಕತ್ತುಗಳು ತಿರುಗದೆ ಇರಲು ಪಡುತ್ತಿದ್ದ ಕಷ್ಟ ನನಗೆ ಹಿಂದಿನಿಂದ ಕಾಣುತ್ತಿತ್ತು. ಅಲ್ಲಿ ನಾನು ಒಂದೆರಡು ಮಾತು ಹೇಳಬೇಕಿತ್ತು. ಮೈಕು ಬಾಯಿಯ ಹತ್ತಿರ ತಂದು, "ಈಗ ಆಕೆ" ಎಂದೆ. ಮುಂದಿನದು ಬರಲಿಲ್ಲ.

ಪರದೆಯ ಎಡಗಡೆಯ ಗಳವನ್ನು ಸುತ್ತಿಕೊಂಡು ನೂಕಾಲಮ್ಮ ಈಚೆ ಬಂದಳು. ಊರಿನವರ ನಡುವೆಯೇ ನಡೆದು ಬಂದಳು. ಅವರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಗೌರವಕ್ಕೋ, ಮೈಲಿಗೆಗೋ, ನಾನು ಹೇಳಲಾರೆ. ಮೇಜಿನ ಹತ್ತಿರ ನಿಂತು ಬಾಯಿಯಿಂದ ಚುಟ್ಟ ತೆಗೆದಳು.

"ಇದು ಹಿಡಿ ಬಾಬೂ. ಅದು ಇಲ್ಲಿ ಕೊಡು."

ಉರಿಯುವ ಚುಟ್ಟ ನನ್ನ ಕೈಗೆ ಬಂತು, ಮೈಕು ಆಕೆಯ ಕೈಗೆ ಹೋಯಿತು. ಫಿಲಂ ಹತ್ತಿರ ಬೆಂಕಿ ತರಬಾರದು ಎಂಬುದು ವೆಂಕಟೇಶ್ವರ್ಲುಗಾರ ಮೊದಲ ಪಾಠ. ದನಿ ತಗ್ಗಿಸಬಾರದು ಎಂಬುದು ಕುಲಕರ್ಣಿಯವರ ಆಜ್ಞೆ. ಎಡಗೈಯಲ್ಲಿ ಚುಟ್ಟವನ್ನು ಆದಷ್ಟು ದೂರ ಚಾಚಿ, ಬಲಗೈಯಲ್ಲಿ ಸಿನಿಮಾದ ಗುಂಡಿಯನ್ನು ಪೂರಾ ಕೆಳಗೆ ತಿರುಗಿಸಿದೆ.

ಮೈಕು ಹಿಡಿದು ಅಭ್ಯಾಸವಿಲ್ಲದೆ ಆಕೆ ಗದ್ದೆಯ ಆಚೆ ಬದುವಿಗೆ ಕೂಗುವಂತೆ ಕೂಗಿದಳು. ಪರದೆಯ ಪಕ್ಕದ ಸ್ಪೀಕರು ಕೀರಲಿಟ್ಟಿತು. ಆಮೇಲೆ ದನಿ ಇಳಿಸಿಕೊಂಡಳು.

"ಅಮ್ಮಗಳಿರಾ, ಅಯ್ಯಗಳಿರಾ. ಇವಳು ಉಟ್ಟಿರೋ ಸೀರೆ ನಂದು. ಇವಳು ಹೋಗ್ತಿರೋ ಮನೆ ಮುನಸಬುಗಾರದು. ಅಷ್ಟು ನಿಜ. ನಾನೂ ಆ ಮನೆಗೆ ಹೋಗಿದ್ದೆ. ಹಗಲು ಹೊತ್ತು ಹೋಗಿದ್ದೆ. ನಾಟಿ ಹಾಕೋ ಹೆಂಗಸರೆಲ್ಲ ಜೊತೆಯಲ್ಲಿದ್ದರು, ನಮ್ಮತ್ತೆ ಮುಂದೆ ಇದ್ದಳು. ಯಾಕೆ ಹೋದ್ವಿ? ಗದ್ದೆ ನೋಡಿಕೊಳ್ಳೋ ಮೇಸ್ತ್ರಿ ನನ್ನ ಕೈ ಹಿಡಿದ. ಕೆಸರುಗೈಯಲ್ಲೇ ಒಂದು ಕೊಟ್ಟೆ. ಆಮೇಲೆ ಎಲ್ಲರೂ ಹೋಗಿ, ಅವನು ಬದುವಿನ ಮೇಲೆ ಇರೋವರೆಗೆ ನಾವು ಗದ್ದೆಗೆ ಇಳಿಯಲ್ಲ ಅಂದ್ವಿ. ಅವನನ್ನು ಬಿಡಿಸಿದರು. ನಾವು ನಾಟಿ ಹಾಕಿದ್ವಿ. ಇದೇ ಕಥೇನ ಈ ಬಾಬುಗಳಿಗೂ ಹೇಳಿದ್ದೆ. ಅಷ್ಟೊಂದು ಹೆಂಗಸರು ಹಿಡಿಯೋಕೆ ಇವರ ಪೆಟ್ಟಿಗೆಯಲ್ಲಿ ಜಾಗ ಇರಲಿಲ್ಲವೇನೋ."

ಯಾರೂ ನಗಲಿಲ್ಲ. ಈಗ ಕತ್ತುಗಳೆಲ್ಲ ತಿರುಗಿದವು. ಮುನಸಬುಗಾರು ಇದು ಸುಳ್ಳು ಎಂದುಬಿಟ್ಟರೆ ಆ ಹೆಂಗಸಿನ ಗತಿಯೇನು, ಮಗಳ ಗತಿಯೇನು, ಮೈಕು ಕೊಟ್ಟ ನನ್ನ ಗತಿಯೇನು ಎಂದು ಯೋಚಿಸುತ್ತಿದ್ದೆ. ಈ ಕೊನೆಯದನ್ನೂ ಯೋಚಿಸಿದೆ, ಮುಚ್ಚಿಡುವುದಿಲ್ಲ.

ಮುನಸಬುಗಾರು ಕೋಲಿನ ಮೇಲೆ ಗದ್ದ ಊರಿದರು. ಆಮೇಲೆ, "ನಿಜಮೇ" ಎಂದರು. ನಿಜವೇ. "ಆ ವರ್ಷ ನಾಟಿ ತಡವಾಯಿತು. ಆ ಮೇಸ್ತ್ರಿ ನನ್ನ ಬಾಮೈದ ಬೇರೆ. ಅವನನ್ನು ಬಿಡಿಸಿದ ಮೇಲೆ ಮನೆಯಲ್ಲಿ ನನಗೆ ಊಟವೂ ತಡವಾಯಿತು."

ಊರು ನಕ್ಕಿತು. ನಗು ಪರದೆಯ ಆಚೆಗೂ ಹಬ್ಬಿದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಪರದೆಯ ಮೇಲೆ ಬೆಳಗಾಗಿ, ಹುಡುಗಿ ಸಮುದ್ರದ ಕಡೆ ನಡೆಯುತ್ತಿದ್ದಳು. ನಿಲ್ಲಿಸುವಂತಿಲ್ಲ, ಓಡಿಸುತ್ತಲೇ ಇದ್ದೆ. ಆಗ ಪರದೆಯ ಆಚೆಯಿಂದ, ಬಟ್ಟೆಯನ್ನು ತೂರಿಕೊಂಡು ಬಂದಂತೆ, ಒಂದು ಗಟ್ಟಿ ಹೆಣ್ಣುದನಿ ಬಂತು.

"ವದಿನಾ! ಹಾಗಾದರೆ ಆ ಸಮುದ್ರಕ್ಕೆ ಬೀಳ್ತಿರೋಳು ಯಾರು?"

ಅದು ಹುಡುಗನ ತಾಯಿ ಸನ್ಯಾಸಮ್ಮ ಎಂದು ಆಮೇಲೆ ತಿಳಿಯಿತು. ವದಿನ ಎಂದರೆ ಅತ್ತಿಗೆ.

ನೂಕಾಲಮ್ಮ ಪರದೆಯ ಕಡೆ ತಿರುಗಿ, ಸಿನಿಮಾದ ಸಮುದ್ರಕ್ಕೇ ಉತ್ತರ ಕೊಡುವಂತೆ ಹೇಳಿದಳು: "ಅವಳಾ? ಬೊಂಬಾಯಿ ಅಮ್ಮಾಯಿ. ಮತ್ತೆ ಮತ್ತೆ ಬೀಳಿಸಿದರು ಪಾಪ, ಸರಿ ಬರಲಿಲ್ಲ ಅಂತ. ಚಳಿಗೆ ಹಲ್ಲು ಕಟಕಟ ಅಂತಿತ್ತು. ಬಿದ್ದು ಬಂದಾಗಲೆಲ್ಲ ಒಣಸೀರೆ ಕೊಟ್ಟೋಳು ನಾನು. ಕೊನೆಗೆ ಉಡೋಕೆ ನನಗೇ ಒಂದು ಉಳೀಲಿಲ್ಲ. ಸಿನಿಮಾ ಮುಗಿಯೋವರೆಗೆ ಗೋಣಿ ಸುತ್ಕೊಂಡು ಒಳಗೆ ಕೂತಿದ್ದೆ. ಅದಕ್ಕೇ ಒಂದು ಬೆನ್ನು ಬಿಟ್ಟರೆ ನಾನು ಇದರಲ್ಲಿ ಎಲ್ಲೂ ಇಲ್ಲ."

ಆ ನಗೆಯನ್ನು ನಾನು ವರ್ಣಿಸಲಾರೆ. ಎರಡೂ ಕಡೆಯಿಂದ ಬಂದು ಪರದೆ ಗಾಳಿಗೆ ಉಬ್ಬಿದ ಹಾಗೆ ಉಬ್ಬಿತು ಎಂದು ಸತ್ಯಂ ಹೇಳುತ್ತಾನೆ. ನಾನು ಉಬ್ಬಿದ್ದನ್ನು ನೋಡಲಿಲ್ಲ. ನೂಕಾಲಮ್ಮ ಮೈಕು ಕೊಟ್ಟು, ಚುಟ್ಟ ತೆಗೆದುಕೊಂಡು, ಆರಿಹೋಗಿದೆಯೆಂದು ನನ್ನನ್ನು ಗದರಿ, ಬಂದ ದಾರಿಯಲ್ಲೇ ಆಚೆಗೆ ಹೋದಳು. ರೀಲು ಮುಗಿದು ತುದಿ ಪಟಪಟ ಹೊಡೆದುಕೊಳ್ಳುತ್ತಿದ್ದದ್ದು ನನಗೆ ಕೇಳಿಸಲೇ ಇಲ್ಲ. ಸತ್ಯಂ ಬಂದು ಸ್ವಿಚ್ಚು ಆರಿಸಿದ.

ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು. ಜನ ನನ್ನ ಚಿತ್ರವನ್ನು ತಮ್ಮ ಮಾತಿನಲ್ಲಿ ಹೇಳಿಕೊಂಡರು. ಆ ಹೆಂಗಸು ಒಂದೊಂದು ದೃಶ್ಯವನ್ನೂ ಅರ್ಥಮಾಡಿಕೊಂಡಿದ್ದಾಳೆ" ಎಂದು ನನ್ನ ಕೈ ಕುಲುಕಿದರು. ಕುಲಕರ್ಣಿಯವರು "ಹೌದು, ಚೆನ್ನಾಗಿ ಅರ್ಥಮಾಡಿಕೊಂಡಿದ್ದಾಳೆ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸೋಮವಾರ ಕಚೇರಿಗೆ ಕರೆಸಿದರು.

"ಮೈಕು ನೀವ ಕೊಟ್ರಿ?"

"ಹೌದು ಸಾರ್."

"ಸೌಂಡೂ ನೀವ ಕಡಿಮಿ ಮಾಡಿದ್ರಿ?"

"ಹೌದು ಸಾರ್."

"ನಾ ನೋಡಿಲ್ಲ ಬಿಡ್ರಿ. ಆ ಹೊತ್ತಿಗೆ ನನ್ನ ಕಣ್ಣಾಗ ಕಸಾ ಬಿದ್ದಿತ್ತು, ತಗೀಲಿಕ್ಕೆ ಹತ್ತಿದ್ದೆ."

ಆ ಸಂಜೆಯಿಂದ ಎಲ್ಲ ಬದಲಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಮುಂದಿನ ಬೇಸಿಗೆಯಲ್ಲಿ ಅದೇ ಹಳ್ಳಿಗೆ ಹೋದಾಗಲೂ ಕೇರಿ ಪರದೆಯ ಆಚೆಯೇ ಕೂತಿತ್ತು. ನಾನು ಮಾತ್ರ ಒಂದು ಅಭ್ಯಾಸ ಮಾಡಿಕೊಂಡೆ. ಚಿತ್ರ ಶುರುವಾಗುವ ಮೊದಲು ಪರದೆಯ ಆಚೆ ಹೋಗಿ, ಏನು ಕಾಣುತ್ತದೆ, ಏನು ಕೇಳುತ್ತದೆ ಎಂದು ವಿಚಾರಿಸುವುದು, ಯಾರಾದರೂ ಕೇಳಿದರೆ ಮೈಕು ಕೊಡುವುದು. ಇದರಿಂದ ತೊಂದರೆಯೂ ಆಯಿತು. ಭೀಮಿಲಿ ಕಡೆ ಒಬ್ಬ ಹೀಗೆ ಮೈಕು ತೆಗೆದುಕೊಂಡು, ನಾಯಕಿ ಸಾಯುವ ಹೊತ್ತಿಗೆ ಸರಿಯಾಗಿ ತನ್ನ ಎಮ್ಮೆ ತಪ್ಪಿಸಿಕೊಂಡ ವಿಷಯ ಘೋಷಿಸಿದ. ತೊಂಬತ್ತರ ನಂತರ ವಿಡಿಯೊ ಬಂತು, ಪಂಚಾಯಿತಿ ಕಟ್ಟೆಯ ಮೇಲೆ ಟಿ.ವಿ. ಇಟ್ಟು ತೋರಿಸತೊಡಗಿದೆವು. ಟಿ.ವಿ.ಗೆ ಹಿಂಬದಿ ಇಲ್ಲ, ಇನ್ನು ಎಲ್ಲರೂ ಈಚೆಯೇ ಎಂದು ಖುಷಿಪಟ್ಟೆ. ಕೇರಿಯವರು ಕಟ್ಟೆಯ ಕೆಳಗೆ ನಿಂತು ನೋಡಿದರು. ಈಗ ಕೆಲಸಕ್ಕೆ ಸೇರುವವರು ಯಂತ್ರದ ಬಗ್ಗೆ ನನ್ನಿಂದ ಕಲಿಯುವುದೇನೂ ಇಲ್ಲ. ಯಂತ್ರದಿಂದ ಕಣ್ಣು ತೆಗೆದು, ಯಾರು ಎಲ್ಲಿ ಕೂತಿದ್ದಾರೆಂದು ಒಮ್ಮೆ ನೋಡಿ ಎಂದಷ್ಟೇ ಹೇಳಬಲ್ಲೆ.

ಆ ಸಂಜೆ ಅಲ್ಲಿದ್ದವರಲ್ಲಿ ಮುನಸಬುಗಾರು ಈಗಿಲ್ಲ. ನೂಕಾಲಮ್ಮನೂ ಹೋಗಿ ಕೆಲವು ವರ್ಷವಾಯಿತು. ನಿರ್ದೇಶಕರ ವಿಷಯ ನನಗೆ ತಿಳಿಯದು. ಇನ್ನೂ ಇರುವವರು ಗಾಜುವಾಕದಲ್ಲಿ ಮಗನ ಮನೆಯಲ್ಲಿರುವ ಸತ್ಯಂ; ಧಾರವಾಡದಲ್ಲಿ ಕುಲಕರ್ಣಿಯವರು, ಅವರಿಗೆ ಕಣ್ಣಿಗೆ ಕಸ ಬಿದ್ದದ್ದು ಈಗಲೂ ಸ್ಪಷ್ಟವಾಗಿ ನೆನಪಿದೆ; ಆ ಬೇಸಿಗೆಯಲ್ಲೇ ಮದುವೆಯಾಗಿ ಅನಕಾಪಲ್ಲಿ ಕಡೆಗೆ ಹೋದ ಪೈಡಿತಲ್ಲಿ; ಮತ್ತು ಆಕೆಯ ಅತ್ತೆ ಸನ್ಯಾಸಮ್ಮ. ಇದನ್ನು ಬರೆಯುವ ಮುಂಚೆ ಅವರ ಮನೆಗೆ ಹೋಗಿದ್ದೆ. ಸನ್ಯಾಸಮ್ಮನಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಅಂದು ನೂಕಾಲಮ್ಮ ಮೈಕಿನಲ್ಲಿ ಹೇಳಿದ ಯಾವ ಮಾತಿಗೆ ನಿಮ್ಮ ಮನಸ್ಸು ಒಪ್ಪಿತು ಎಂದು ಕೇಳಿದೆ.

"ಒಪ್ಪೋದೇನು ಬಾಬೂ? ನಾವು ಗದ್ದೆಗೆ ಇಳಿಯೋ ಹೆಂಗಸರು, ಯಾರು ಎಂಥವರು ಅಂತ ನಮಗೆ ಸಿನಿಮಾ ಹೇಳಬೇಕಾ? ನನ್ನ ಮನಸ್ಸು ಮೊದಲೇ ಒಪ್ಪಿತ್ತು. ನಮ್ಮ ಕಡೆಯ ಗಂಡಸರು ಕೇಳಬೇಕಿತ್ತು, ಊರು ಕೇಳಬೇಕಿತ್ತು. ಅದಕ್ಕೇ ಅಷ್ಟು ಗಟ್ಟಿಯಾಗಿ ಕೂಗಿ ಕೇಳಿದೆ. ಏನಂತ ಕೂಗಿದೆ ಅನ್ನೋದು ಬರೆದುಕೊಂಡೆಯಾ?"

"ವದಿನಾ ಅಂತ."

"ಮತ್ತೆ? ಸಂಬಂಧ ಬೇಡದವರನ್ನು ಯಾರಾದರೂ ವದಿನಾ ಅಂತಾರಾ?" ಎಂದು ಸನ್ಯಾಸಮ್ಮ ಒಳಗೆ ತಿರುಗಿ, ಬಾಬುಗೆ ಮಜ್ಜಿಗೆ ತಾ ಎಂದು ಸೊಸೆಯನ್ನು ಕೂಗಿದಳು.